ಮೊಣಕಾಲಿನ ನೀರು

ಶಾಹೀಸ್ತಾಳ ಫೋನು ಬಂದಾಗ ಆಸೀಮ್ ದಢೇಸುಗೂರಿನ ಒಬ್ಬ ಮುದುಕನ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ನರ ಹುಡುಕುತ್ತಿದ್ದ. ಸೋಮವಾರ ಬೇರೆ. ಸಿಂಧನೂರಿನ ಜ್ವರವೆಲ್ಲ ಎದ್ದು ಬಂದು ಲ್ಯಾಬಿನ ಬೆಂಚುಗಳ ಮೇಲೆ ಕೂತಿತ್ತು. ತಂಗಿ ಹಗಲು ಹೊತ್ತಿನಲ್ಲಿ ಮಸ್ಕಿಯಿಂದ ಫೋನು ಮಾಡುವವಳಲ್ಲ. ಅವನು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಹೇಳು ಎಂದ.

“ಭಾಯಿ, ಅಮ್ಮಾನ ಲಿಂಗಸುಗೂರಿಗೆ ಕರಕೊಂಡು ಬಂದೀನಿ. ದವಾಖಾನ್ಯಾಗ ಮಲಗಿಸ್ಯಾರ. ಜ್ವರ ಇಳಿವಲ್ದು. ಮೊಣಕಾಲು ಬಾತು ಕೊಡದಂಗ ಆಗೈತಿ.”

“ಬುಧವಾರ ಆ ಮೊಣಕಾಲಿನ ನೀರು ನಾನೇ ನೋಡಿದ್ನಲ್ಲ. ಏನೂ ಇರಲಿಲ್ಲಲ್ಲ.”

“ಒಂದು ಮಾತು ಹೇಳಿದ್ದಿಲ್ಲ ಭಾಯಿ. ಹೇಳಬ್ಯಾಡ ಅಂತ ಅಮ್ಮಾ ಆಣಿ ಹಾಕಿಸಿದ್ಲು. ಆ ನೀರು ತೆಗಸೋಕಿಂತ ನಾಕು ದಿನ ಮುಂಚೆ ಇಲ್ಲೇ ಲಿಂಗಸುಗೂರಾಗ ಮೊಣಕಾಲಿಗೆ ಜೆಲ್ ಸೂಜಿ ಹಾಕಿಸಿದ್ವಿ.”

“ತಮ್ಮಾ, ಕೈ ಜೋಮು ಹಿಡೀತು,” ಎಂದು ಮುದುಕ ಅಂದಾಗಲೇ ಆಸೀಮನಿಗೆ ಪಟ್ಟಿ ಬಿಚ್ಚುವುದು ನೆನಪಾದದ್ದು.

ಮೊಣಕಾಲಿನ ನೀರು ನೀರಲ್ಲ ಎಂಬುದನ್ನು ಅವನು ಇಪ್ಪತ್ತು ವರ್ಷದ ಹಿಂದೆ ರಾಯಚೂರಿನಲ್ಲಿ ಓದುವಾಗ ಕಲಿತಿದ್ದ. ಮೊಟ್ಟೆಯ ಬಿಳಿಯ ಹಾಗೆ ಜಿಗುಟು ಅದು. ಅದರಲ್ಲಿ ಹೈಲುರೋನನ್ ಎಂಬ ಎಳೆ ಇರುತ್ತದೆ, ಸಕ್ಕರೆಯ ಕುಲದ್ದು, ಕಣ್ಣಿಗೆ ಕಾಣದಷ್ಟು ಸಣ್ಣ, ತನ್ನ ಸಣ್ಣತನಕ್ಕೆ ವಿಪರೀತ ಉದ್ದ. ಒಂಟಿಯಾಗಿ ಬಾಳುವಂಥದಲ್ಲ. ರಕ್ತದಿಂದ ಸೋಸಿ ಬಂದ ಪ್ರೋಟೀನುಗಳು ಅದನ್ನು ಹಿಡಿದುಕೊಳ್ಳುತ್ತವೆ. ಎಲುಬಿನ ತುದಿಯ ಮೆದುವಾದ ಭಾಗದಲ್ಲಿ ಬೇರೊಂದು ಜಾತಿಯ ಪ್ರೋಟೀನು ಅದರ ಉದ್ದಕ್ಕೂ ಸಾಲುಗಟ್ಟಿ ನಿಂತು ತೇವವನ್ನು ಬಿಗಿದಿಡುತ್ತದೆ. ಮನುಷ್ಯ ಕೂತು ಏಳುವುದೆಲ್ಲ ಆ ಹಿಡಿತದ ಮೇಲೆ. ಪರೀಕ್ಷೆ ಸುಲಭ. ಒಂದು ಹನಿಯನ್ನು ಎರಡು ಬೆರಳ ನಡುವೆ ಇಟ್ಟು ಎಳೆದರೆ ಎಳೆ ನಿಲ್ಲಬೇಕು. ಅಸಿಟಿಕ್ ಆಮ್ಲಕ್ಕೆ ಬಿಟ್ಟರೆ ಎಳೆಯೂ ಪ್ರೋಟೀನೂ ಕೂಡಿ ಬಿಳೀ ಗಡ್ಡೆ ಕಟ್ಟಬೇಕು. ಕೀಲಿನಲ್ಲಿ ಕೀವು ತುಂಬಿದ್ದರೆ ಎಳೆ ತುಂಡಾಗಿರುತ್ತದೆ, ಪ್ರೋಟೀನಿಗೆ ಹಿಡಿಯಲು ಏನೂ ಸಿಗುವುದಿಲ್ಲ, ಒಡೆದ ಹಾಲಿನ ಹಾಗೆ ಚೂರುಚೂರಾಗಿ ಬೀಳುತ್ತದೆ. ಬುಧವಾರ ಮಸ್ಕಿಯ ಡಾಕ್ಟರು ತೆಗೆದುಕೊಟ್ಟು, ಶಾಹೀಸ್ತಾ ಬಸ್ಸಿನಲ್ಲಿ ಮಡಿಲಲ್ಲಿಟ್ಟು ತಂದ ಶೀಶೆಯ ನೀರು ಅವನ ಬೆರಳುಗಳ ನಡುವೆ ನಾಲ್ಕು ಅಂಗುಲ ನಿಂತಿತ್ತು. ಗಡ್ಡೆಯೂ ಚೆನ್ನಾಗಿ ಕಟ್ಟಿತ್ತು. ಆ ಜೆಲ್ ಸೂಜಿಯಲ್ಲಿ ಇರುವುದೂ ಅದೇ ಹೈಲುರೋನನ್, ಕಾರ್ಖಾನೆಯಲ್ಲಿ ತಯಾರಾದದ್ದು. ಅಮ್ಮನ ಸ್ವಂತ ಎಳೆ ಆ ಹೊತ್ತಿಗಾಗಲೇ ತುಂಡುತುಂಡಾಗಿದ್ದಿರಬಹುದು. ಅವನು ಎಳೆದು ನೋಡಿ ಖುಷಿಪಟ್ಟದ್ದು ಕಾರ್ಖಾನೆಯ ಮಾಲನ್ನು.

ಇಷ್ಟು ತಿಳಿದ ಕೂಡಲೇ ಅವನಿಗೆ ಒಂದು ಕ್ಷಣ ನಿರಾಳವಾಯಿತು. ಹಾಗಾದದ್ದಕ್ಕೆ ನಾಚಿಕೆಯೂ ಆಯಿತು. ಇವರು ಮುಚ್ಚಿಟ್ಟರು, ನಾನು ಮೋಸಹೋದೆ, ಯಾರಾದರೂ ಮೋಸಹೋಗುತ್ತಿದ್ದರು. ಜೊತೆಗಾರ ಆಂಜನೇಯನಿಗೆ ಟೋಕನ್ನುಗಳನ್ನು ಒಪ್ಪಿಸಿ, ಬಸ್ ನಿಲ್ದಾಣದತ್ತ ಅರ್ಧ ದಾರಿ ಓಡುವವರೆಗೂ ಆ ಮಾತು ಅವನನ್ನು ಹೊತ್ತೊಯ್ದಿತು. ಆಮೇಲೆ ಕಾಲು ತಾನಾಗಿ ನಿಧಾನವಾಯಿತು. ಎಳೆ ಮೋಸ ಮಾಡಬಹುದು, ಗಡ್ಡೆ ಮೋಸ ಮಾಡಬಹುದು, ಬಿಳಿ ಕಣಗಳ ಎಣಿಕೆ ಮೋಸ ಮಾಡುವುದಿಲ್ಲ. ಎಷ್ಟು ಜೆಲ್ ಸುರಿದಿದ್ದರೂ ಸೂಕ್ಷ್ಮದರ್ಶಕದ ಕೆಳಗೆ ಕೀವಿನ ಕಣಗಳು ಜಾತ್ರೆಯ ಜನದಂತೆ ಕಾಣಿಸುತ್ತಿದ್ದವು. ವರದಿಯಲ್ಲಿ ಎಣಿಕೆಯ ಎದುರು ಅವನೇ ಆರುನೂರು ಎಂದು, ಕೀವಿಲ್ಲದ ಕೀಲಿನ ಅಂಕಿಯನ್ನು, ಬರೆದಿದ್ದ. ಅವನು ಎಣಿಸಿರಲಿಲ್ಲ.

ಮಸ್ಕಿ ಮೇಲೆ ಹೋಗುವ ಲಿಂಗಸುಗೂರು ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಹೊರಗೆ ನಾಟಿ ಮುಗಿದ ಗದ್ದೆಗಳು, ಕಾಲುವೆ, ಅಕ್ಕಿ ಗಿರಣಿಗಳ ಹೊಗೆ. ಯಾಕೆ ಎಣಿಸಲಿಲ್ಲ ಎಂದು ಅವನು ತನ್ನನ್ನೇ ಬೇರೆಯವನನ್ನು ವಿಚಾರಿಸುವ ಹಾಗೆ ವಿಚಾರಿಸಿದ. ರಕ್ತದ ಬಿಳಿ ಕಣ ಎಣಿಸಲು ಮೇಜಿನ ಮೇಲೆ ಯಾವಾಗಲೂ ಇರುವ ಶೀಶೆಯಲ್ಲಿ ಆಮ್ಲ ಇದೆ, ಕೀಲಿನ ನೀರನ್ನು ಅದಕ್ಕೆ ಹಾಕಿದರೆ ಗಡ್ಡೆ ಕಟ್ಟಿ ಕೆಡುತ್ತದೆ. ಅದಕ್ಕೆಂದೇ ಬೇರೆ ಉಪ್ಪುನೀರು ಬೆರೆಸಿಕೊಳ್ಳಬೇಕು, ಎಣಿಕೆಯ ಗಾಜು ತೊಳೆದು ಮತ್ತೆ ಹೊಂದಿಸಬೇಕು, ಹೆಚ್ಚೆಂದರೆ ಇಪ್ಪತ್ತು ನಿಮಿಷ. ಹೊರಗೆ ಇಪ್ಪತ್ತೆರಡು ಜನ ಕಾಯುತ್ತಿದ್ದರು. ಬೇರೆ ಯಾರದೋ ನೀರಾಗಿದ್ದರೆ ಟೋಕನ್ ಕೊಟ್ಟು, ಸರದಿ ಬಂದಾಗ ಕೂತು, ನೆಟ್ಟಗೆ ಎಣಿಸುತ್ತಿದ್ದ. ಅಮ್ಮನದು ಎಂದೇ ಸರದಿ ಬಿಟ್ಟು ಮುಂದಕ್ಕೆ ತೆಗೆದುಕೊಂಡ, ನಿಂತಲ್ಲೇ ನೋಡಿದ, ನಿಂತಲ್ಲೇ ಬರೆದ. ಮನೆಯವರ ಕೆಲಸವನ್ನು ಮನುಷ್ಯ ಹೀಗೇ ಮಾಡುವುದು, ಪ್ರೀತಿಯಿಂದ, ಬೇಕಾಬಿಟ್ಟಿ. ನೀರು ತುಸು ಮಬ್ಬಾಗಿತ್ತು ಎಂಬುದೂ ಈಗ ನೆನಪಾಗುತ್ತಿದೆ. ಆಗಲೂ ಕಂಡಿತ್ತು. ಬೆರಳು ಸಾಕ್ಷಿ ಹೇಳಿದ ಮೇಲೆ ಕಣ್ಣನ್ನು ಯಾರು ಕೇಳುತ್ತಾರೆ? ಅವನ ಅಬ್ಬಾ ರಾಜೇಸಾಬ್ ಬಜಾರಿನಲ್ಲಿ ಮಿಠಾಯಿ ಮಾಡುತ್ತಿದ್ದವರು. ಕುದಿಯುವ ಕಡಾಯಿಯಿಂದ ಸೌಟು ಎತ್ತಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಪಾಕ ಎಳೆದು, ಒಂದೆಳೆ, ಎರಡೆಳೆ ಎಂದು ಹೇಳಿಬಿಡುತ್ತಿದ್ದರು. ಗಡಿಯಾರ ನೋಡುತ್ತಿರಲಿಲ್ಲ. ಬುಧವಾರ ಆ ಎಳೆ ಹೊಳೆಯುತ್ತ ನಿಂತಾಗ ಆಸೀಮ್ ಆಂಜನೇಯನನ್ನು ಕರೆದು ತೋರಿಸಿದ್ದ. ಎಪ್ಪತ್ತರ ಮುದುಕಿಯ ಕೀಲು ನೋಡೋ, ಎಂಥಾ ಪಾಕ ಅಂತೀ! ಆಂಜನೇಯ ನಕ್ಕಿದ್ದ. ಆರುನೂರು ಎಂಬ ಅಂಕಿ ಆ ನಗುವಿನ ನಡುವೆಯೇ ಬಂದದ್ದು.

ಪಕ್ಕದಲ್ಲಿ ಕೂತವನು ಬಹಳ ಹೊತ್ತಿನಿಂದ ಅವನನ್ನೇ ನೋಡುತ್ತಿದ್ದ. ವಳಕಮದಿನ್ನಿಯ ಯಮನೂರಪ್ಪ ಎಂದು ಪರಿಚಯ ಹೇಳಿಕೊಂಡ. “ನೀವು ಲ್ಯಾಬಿನ ಆಸೀಮ್ ಸಾಹೇಬ್ರು ಹೌದಲ್ರೀ? ನಮ್ಮ ಕರೆಮ್ಮನ ರಕ್ತ ನೀವೇ ನೋಡಿದ್ದು. ನಿಮ್ಮ ಸಹಿ ಇದ್ರ ಡಾಕ್ಟರ್ ಎರಡನೇ ಸಲ ನೋಡಂಗಿಲ್ಲ ಅಂತಾರ್ರೀ ಮಂದಿ.”

ಆಸೀಮನಿಗೆ ಕರೆಮ್ಮ ಯಾರೆಂದು ನೆನಪಾಗಲಿಲ್ಲ. “ಈಗ ಹೆಂಗದಾರ?” ಎಂದು ಕೇಳಿದ.

“ಆರಾಮ ಅದಾಳ್ರೀ, ನಾಟಿಗೂ ಹೋಗಿ ಬಂದ್ಲು,” ಎಂದು ಯಮನೂರಪ್ಪ ಹೇಳಿದ ಮೇಲೂ ಅವನು ಅತ್ತ ತಿರುಗಲಿಲ್ಲ. ಮಸ್ಕಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಶಾಹೀಸ್ತಾಳ ಮನೆಗೆ ಹೋಗುವ ಓಣಿ ಅಲ್ಲಿಂದ ಕಾಣುತ್ತದೆ. ಅಮ್ಮ ಆ ಮನೆಗೆ ಬಂದು ಎರಡು ತಿಂಗಳು. ಬಂದದ್ದು ಯಾಕೆ ಎಂದು ಅವನಿಗೂ ಗೊತ್ತು, ಅವನ ಹೆಂಡತಿ ಶಾಹೀನಳಿಗೂ ಗೊತ್ತು, ಇಬ್ಬರೂ ಮಾತಾಡಿಲ್ಲ. ಮೊಣಕಾಲು ಮಡಚಲಾಗದೆ ಹೋದ ಮೇಲೆ ಅಮ್ಮನ ನಮಾಜಿಗೆ ಫ್ರಿಜ್ಜಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟಿದ್ದರು. ಕುರ್ಚಿಯ ಮೇಲೆ ಕೂತು ತಲೆ ಬಗ್ಗಿಸಿದರೆ ಸಾಕು, ಅಲ್ಲಾ ಒಪ್ಪುತ್ತಾನೆ ಎಂದು ಅವನೇ ಹೇಳಿದ್ದ. ಒಂದು ದಿನ ಊಟದ ಹೊತ್ತಿಗೆ ಅಮ್ಮ ಹೆದರುತ್ತ ಹೆದರುತ್ತ ಕೇಳಿದಳು, ಮೊಣಕಾಲಿಗೆ ಅದೇನೋ ಸೂಜಿ ಹಾಕತಾರಂತಲ್ಲ, ಪಕ್ಕದ ಮನಿ ಇಮಾಮ್‌ಬೀ ಹಾಕಿಸಿಕೊಂಡು ನೆಲಕ್ಕ ಹಣೀ ಹಚ್ಚಿ ಸಜ್ದಾ ಮಾಡಾಕತ್ತಾಳ, ರಂಜಾನ್ ಬರಾಕತ್ತೈತಿ. ಅವನಿಗೆ ಅವತ್ತು ಏನಾಗಿತ್ತೋ, ಅನ್ನ ಕಲೆಸುತ್ತಲೇ ಅಂದುಬಿಟ್ಟ: “ಈ ವಯಸ್ಸಿನಾಗ ನಿನಗ ಹೊಸಾ ಮೊಣಕಾಲು ಯಾಕ ಬೇಕಮ್ಮಾ? ಓಟದ ಪಂದ್ಯಕ್ಕ ನಿಂದ್ರಾಕಿ ಏನು?” ಶಾಹೀನ್ ನಕ್ಕಳು. ಮಕ್ಕಳೂ ನಕ್ಕವು. ಅಮ್ಮನೂ ನಕ್ಕಳು, ಅದನ್ನು ಅವನು ಆಗ ಒಪ್ಪಿಗೆ ಎಂದು ತಿಳಿದ. ಮುಂದಿನ ವಾರ ಮಗಳ ಮನೆಗೆ ಹೋಗಿ ಬರುತ್ತೇನೆ ಎಂದವಳು ತನ್ನ ಜಾನಮಾಜನ್ನೂ ಮಡಚಿಕೊಂಡು ಹೋಗಿದ್ದಳು. ನಮಾಜಿನ ಆ ಚಾಪೆ ಮನೆಯಲ್ಲಿ ಇಲ್ಲ ಎಂದು ಅವನಿಗೆ ಗೊತ್ತಾದದ್ದು ಹದಿನೈದು ದಿನ ಕಳೆದ ಮೇಲೆ.

ಲಿಂಗಸುಗೂರಿನ ಆ ದವಾಖಾನೆಯ ಮೊದಲ ಮಹಡಿಯಲ್ಲಿ, ಕಿಟಕಿ ಪಕ್ಕದ ಮಂಚದ ಮೇಲೆ ಅಮ್ಮ ಮುನ್ನಿಬೀ ಗೋಡೆಗೆ ಒರಗಿ ಕೂತಿದ್ದಳು. ಎಡ ಮೊಣಕಾಲಿನ ಮೇಲೆ ಮಂಜುಗಡ್ಡೆಯ ಚೀಲ. ಜ್ವರಕ್ಕೆ ಕೆನ್ನೆ ಕೆಂಪಾಗಿ ಅವಳು ವಯಸ್ಸಿಗಿಂತ ಚಿಕ್ಕವಳಾಗಿ ಕಾಣುತ್ತಿದ್ದಳು. ಮಗನನ್ನು ಕಂಡದ್ದೇ ಪಕ್ಕದ ಮಂಚದವರಿಗೆಲ್ಲ ಕೇಳುವ ಹಾಗೆ, “ಬಂದ ನೋಡ್ರೀ ನನ್ನ ಮಗ, ಸಿಂಧನೂರಾಗ ಲ್ಯಾಬ್ ನೋಡ್ತಾನಂತ ಹೇಳಿದ್ನಲ್ಲ, ಇವನಾ,” ಎಂದಳು. ಅಷ್ಟರಲ್ಲಿ ಡಾಕ್ಟರ್ ಬಸವಲಿಂಗ ಬಂದರು. ಐವತ್ತರ ಆಸುಪಾಸು, ಮೃದು ಮಾತಿನ ಮನುಷ್ಯ. ಕೈಯಲ್ಲಿ ಆಸೀಮನ ವರದಿ ಇತ್ತು.

“ನೋಡ್ರೀ, ಜೆಲ್ ಹಾಕಿದ ಮ್ಯಾಲ ಕೆಲವರಿಗೆ ಹಿಂಗ ಬಾವು ಬರತೈತಿ, ಜ್ವರಾನೂ ಬರಬಹುದು. ಮೈ ಅದನ್ನ ಒಪ್ಪಂಗಿಲ್ಲ. ನೋಡಾಕ ಕೀವು ಆದಂಗ ಕಾಣತೈತಿ, ಕೀವು ಇರಂಗಿಲ್ಲ. ಮಂಜುಗಡ್ಡಿ ಇಟ್ಟು ಕಾಯ್ದ್ರ ಇಳೀತದ. ನಿಜವಾದ ಕೀವಾದ್ರ ಮಾತ್ರ ಇವತ್ತೇ ಕೀಲು ತೆರೆದು ತೊಳೀಬೇಕು. ಬೆಳಿಗ್ಗೆ ಸೂಜಿ ಹಾಕಿ ನೀರು ಎಳದೆ, ಒಂದೆರಡು ಹನಿ ಬಂತು, ಕೀವಿನ ಹುಳ ಬೆಳೀತಾವೇನಂತ ನೋಡಾಕ ಕಲ್ಚರಿಗೆ ರಾಯಚೂರಿಗೆ ಕಳಿಸೀನಿ, ಎರಡು ದಿನ ಬೇಕು. ಎಣಿಸಾಕ ಸಾಲಲಿಲ್ಲ. ಮಸ್ಕಿ ಡಾಕ್ಟರು ನಿಮ್ಮ ರಿಪೋರ್ಟ್ ನೋಡೇ ಸ್ಟೀರಾಯ್ಡ್ ಕೊಟ್ಟಾರ, ಕೀವಿದ್ರ ಅದನ್ನ ಕೊಡಂಗಿಲ್ಲ. ನಾನೂ ಅದರ ಮ್ಯಾಲೇ ನಿಂತೀನಿ. ಆರುನೂರು ಅಂದ್ರ ಕೀವಲ್ಲ. ಈ ಎಣಿಕೆ ನೀವೇ ಮಾಡಿದ್ದೇನ್ರಿ?”

“ನನ್ನ ಮಗಾನ ಮಾಡ್ಯಾನ್ರೀ ಸಾಹೇಬ್ರ,” ಎಂದಳು ಅಮ್ಮ.

“ಹೌದು ಸರ್,” ಎಂದ ಆಸೀಮ್.

ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅದನ್ನು ಆಡಿದ್ದು ತಾನೇ ಎಂದು ನಂಬುವುದಕ್ಕೆ ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಡಾಕ್ಟರು ಸಂಜೆ ರಾಯಚೂರಿಗೆ ಹೋಗುತ್ತಿರುವುದಾಗಿ, ನಾಳೆ ಮಧ್ಯಾಹ್ನ ಬಂದು ನೋಡುವುದಾಗಿ ಮಮತಾ ಎಂಬ ನರ್ಸಿಗೆ ಹೇಳಿ ಮುಂದಿನ ಮಂಚಕ್ಕೆ ಹೋದರು. ಶಾಹೀಸ್ತಾ ಎಳನೀರು ತರಲು ಕೆಳಗಿಳಿದಳು. ಆಸೀಮ್ ಮಂಜುಗಡ್ಡೆಯ ಚೀಲ ಸರಿಸಿ ಮೊಣಕಾಲಿನ ಮೇಲೆ ಅಂಗೈ ಇಟ್ಟ. ಮಂಜಿನ ಕೆಳಗೂ ಅದು ಕಾದಿತ್ತು. ಕೀವಾಗಿದ್ದರೆ ಒಳಗೆ ಈಗ ಏನು ನಡೆಯುತ್ತಿದೆ ಎಂಬುದು ಅವನಿಗೆ ಪಾಠದಂತೆ ಗೊತ್ತಿತ್ತು. ಎಳೆಗಳು ತುಂಡಾಗುತ್ತಿವೆ, ಎಲುಬಿನ ತುದಿಯಲ್ಲಿ ಎಳೆಯನ್ನು ಹಿಡಿದು ನಿಂತ ಪ್ರೋಟೀನುಗಳು ಒಂದೊಂದಾಗಿ ಕಳಚಿಕೊಳ್ಳುತ್ತಿವೆ, ಹಾಗೆ ಹೋದದ್ದು ಈ ವಯಸ್ಸಿನಲ್ಲಿ ಮರಳಿ ಬರುವುದಿಲ್ಲ. ಅಲ್ಲಿಂದ ರಕ್ತಕ್ಕೆ ಇಳಿದರೆ ಕಾಲಿನ ಮಾತು ಹೋಗಿ ಜೀವದ ಮಾತಾಗುತ್ತದೆ. ನಾಳೆ ಮಧ್ಯಾಹ್ನವೆಂದರೆ ಇಪ್ಪತ್ತು ತಾಸಿನ ಮೇಲೆ. ಎಣಿಸಿಲ್ಲ ಎಂಬ ಒಂದು ಮಾತಿಗೆ ಅಷ್ಟು ತಾಸು ಉಳಿಯುತ್ತವೆ. ಆದರೆ ಅದೇ ಮಾತಿಗೆ ಲ್ಯಾಬಿನ ಕೆಲಸ, ಹದಿನೆಂಟು ವರ್ಷದ ಸಹಿ, ಸಿಂಧನೂರಿನ ಬೀದಿಯಲ್ಲಿ ಸಲಾಮು ಹೊಡೆಯುವ ಜನ, ಎಲ್ಲ ಹೋಗುತ್ತದೆ. ಬಹುಶಃ ಡಾಕ್ಟರು ಹೇಳಿದಂತೆ ಜೆಲ್ಲಿನ ಬಾವೇ ಇರಬಹುದು. ಇರಬಹುದಲ್ಲ? ತಾಯಿಯ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ತಾನು ಇಂಥ ಚೌಕಾಸಿ ಮಾಡುತ್ತಿದ್ದೇನೆ ಎಂದು ಅವನಿಗೆ ಹೊಳೆಯಿತು. ಹೊಳೆದರೂ ಚೌಕಾಸಿ ನಿಲ್ಲಲಿಲ್ಲ. ಎರಡು ಸಲ ಎದ್ದ, ಎರಡು ಸಲವೂ ಬಾಗಿಲವರೆಗೆ ಹೋಗಿ ಬಂದ. ಎದುರು ಮಂಚದ ಹೆಂಗಸು, ನೀರಿನ ಕೊಡ ಅಲ್ಲೈತ್ರಿ ಎಂದು ಕೈತೋರಿಸಿದಳು.

“ಬೇಟಾ, ಇಲ್ಲಿ ಬಾ,” ಎಂದು ಅಮ್ಮ ಕರೆದಳು. ಇಬ್ಬರೇ ಇದ್ದಾಗ ಅವಳು ಮನೆಯ ದಖ್ಖನಿ ಉರ್ದುವಿನಲ್ಲಿ ಮಾತಾಡುವವಳು, ಇಂದು ಯಾಕೋ ಕನ್ನಡದಲ್ಲೇ ಪಿಸುಗುಟ್ಟಿದಳು. “ನಿನ್ನ ಮ್ಯಾಲ ಸಿಟ್ಟಿಗೆ ಮುಚ್ಚಿಟ್ಟೆ ಅಂತ ತಿಳೀಬ್ಯಾಡ. ಆ ಜೆಲ್ ಹುಂಜದ ಜುಟ್ಟಿನಿಂದ ಮಾಡತಾರಂತ ಇಮಾಮ್‌ಬೀ ಅಂದ್ಲು. ಹಲಾಲ್ ಮಾಡಿದ ಹುಂಜಾನೋ ಅಲ್ಲೋ ಯಾರಿಗೆ ಗೊತ್ತು. ನಿನಗ ಕೇಳಿದ್ರ ಹಾಕಿಸ್ಕೋಬ್ಯಾಡ ಅಂತಿದ್ದಿ. ನನಗ ಒಂದು ಸಲ ಹಣೀ ನೆಲಕ್ಕ ಹಚ್ಚಬೇಕಂತ ಆಸೆ. ಆ ಆಸೆಗೆ ಹರಾಮೋ ಹಲಾಲೋ ನೋಡಲಿಲ್ಲ. ಅದಕ್ಕ ಅಲ್ಲಾ ತೋರಿಸ್ಯಾನ. ತಪ್ಪು ನಂದೈತಿ ಬೇಟಾ. ನೀ ನನಗ ಮಾಫ್ ಮಾಡು.”

ಅವಳು ಕೈಮುಗಿದಳು. ಮಗನಿಗೆ. ಆಸೀಮ್ ಆ ಕೈಗಳನ್ನು ಹಿಡಿದು ಕೆಳಗಿಳಿಸಿದ. ಹುಂಜದ ಜುಟ್ಟಿನಿಂದ ಮಾಡುವುದೂ ಉಂಟು, ಜುಟ್ಟಿನ ಸೋಂಕೇ ಇಲ್ಲದೆ ಮಾಡುವುದೂ ಉಂಟು, ನಿನ್ನದು ಯಾವುದೆಂದು ಡಬ್ಬಿ ನೋಡಿದರೆ ತಿಳಿಯುತ್ತದೆ ಎಂದು ಹೇಳಬೇಕೆನಿಸಿತು. ತಿಳಿದದ್ದನ್ನು ವಿವರಿಸುವುದು ಅವನಿಗೆ ಯಾವತ್ತೂ ಸುಲಭ. ಆದರೆ ಇವಳು ಸತ್ತರೆ ಒಂದು ಹುಂಜದ ಪಾಪವನ್ನು ಹೊತ್ತುಕೊಂಡೇ ಸಾಯುತ್ತಾಳೆ, ಮಣ್ಣಿಗೆ ಒಯ್ಯುವಾಗ ನಾನು ಮುಂದೆ ನಿಂತು ಭುಜ ಕೊಡುತ್ತೇನೆ, ಜನ ನನ್ನನ್ನು ಸಮಾಧಾನ ಮಾಡುತ್ತಾರೆ. ಇದನ್ನು ಅವನಿಂದ ತಾಳಲಾಗಲಿಲ್ಲ. ಅವನು ಮೆಟ್ಟಿಲು ಇಳಿದ ರಭಸಕ್ಕೆ ಎಳನೀರು ತರುತ್ತಿದ್ದ ಶಾಹೀಸ್ತಾ ಗೋಡೆಗೆ ಸರಿದು ನಿಂತಳು.

ಡಾಕ್ಟರು ಕಾರಿನ ಬಾಗಿಲು ತೆಗೆದಿದ್ದರು. “ಸರ್, ನಾನು ಎಣಿಸಿಲ್ಲ,” ಎಂದ ಆಸೀಮ್.

“ಏನು?”

“ಎಣಿಕೆ. ಆರುನೂರು. ಎಣಿಸಿಲ್ಲ ಸರ್. ಎಳೆ ಚಲೋ ನಿಂತಿತ್ತು, ಅಂದಾಜಿನ ಮ್ಯಾಲ ಬರದೆ. ಜೆಲ್ ಹಾಕಿದ್ದು ಗೊತ್ತಿರಲಿಲ್ಲ. ನೀರು ಮಬ್ಬಿತ್ತು.”

ಡಾಕ್ಟರು ಕಾರಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದರು. ಮೃದು ಮಾತಿನ ಮನುಷ್ಯನಿಗೆ ಸಿಟ್ಟು ಬಂದಾಗ ದನಿ ಇನ್ನೂ ಇಳಿಯುತ್ತದೆ. “ಸ್ವಂತ ತಾಯೀದು ಹಿಂಗಂದ್ರ ಮಂದೀದು ಹೆಂಗ ಮಾಡ್ತೀರಿ?” ಎಂದರು. ಮಂದಿಯದಾದರೆ ಎಣಿಸುತ್ತಿದ್ದೆ ಎಂಬ ಉತ್ತರ ಅವನ ಬಳಿ ಇತ್ತು, ನಿಜವಾದ ಉತ್ತರವೂ ಆಗಿತ್ತು. ಅದನ್ನು ಯಾರ ಮುಂದೆ ಹೇಳಲಾದೀತು? ಕಾವಲಿನವನೂ ಔಷಧಿ ಅಂಗಡಿಯ ಮುಂದೆ ನಿಂತವರೂ ನೋಡುತ್ತಿದ್ದರು. ಡಾಕ್ಟರು ಆಗಲೇ ಮೆಟ್ಟಿಲು ಹತ್ತುತ್ತ, ಆಪರೇಷನ್ ಥಿಯೇಟರ್ ತಯಾರು ಮಾಡಲು ಫೋನಿನಲ್ಲಿ ಹೇಳುತ್ತಿದ್ದರು.

ಆದರೆ ಅಮ್ಮ ಒಪ್ಪಲಿಲ್ಲ. ನಿಮ್ಮ ಮಗ ಎಣಿಸಿಯೇ ಇಲ್ಲವಂತೆ, ಕೀಲು ತೆರೆದು ತೊಳೆಯಬೇಕು, ತಡ ಮಾಡಿದರೆ ಕಾಲು ಉಳಿಯುವುದಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದರು. ಅಮ್ಮ ತಲೆದಿಂಬಿನ ಕೆಳಗೆ ಕೈಹಾಕಿ ನಾಲ್ಕಾಗಿ ಮಡಚಿದ ಕಾಗದವೊಂದನ್ನು ತೆಗೆದಳು. ಆ ವರದಿಯ ಪ್ರತಿ. ಓದಲು ಬಾರದವಳು ಅದನ್ನು ತಾಯತದಂತೆ ಜೋಪಾನ ಮಾಡಿದ್ದಳು. “ಇದರಾಗ ಏನೂ ಇಲ್ಲಂತ ಐತ್ರೀ ಸಾಹೇಬ್ರ. ನನ್ನ ಮಗ ಬರದಾನ. ಈಗ ನನ್ನ ಜ್ವರ ನೋಡಿ ಅಂಜ್ಯಾನ, ಏನೇನೋ ಹೇಳಾಕತ್ತಾನ. ಅವ ಎಣಿಸದ ಬರಿಯವನಲ್ಲ. ಮಂದಿ ಜೀವದ ಕೆಲಸ ಅದು, ನನಗ ಗೊತ್ತೈತಿ.”

ಡಾಕ್ಟರು ಆಸೀಮನ ಕಡೆ ನೋಡಿದರು. ಮಮತಾ ನೋಡಿದಳು, ಬಾಗಿಲಲ್ಲಿ ನಿಂತ ಶಾಹೀಸ್ತಾ ನೋಡಿದಳು, ಎದುರು ಮಂಚದವಳೂ ಎದ್ದು ಕೂತಳು. ಡಾಕ್ಟರ ಮುಂದೆ ಹೇಳಿದ್ದು ಏನೇನೂ ಅಲ್ಲ, ಹೇಳಬೇಕಾದದ್ದು ಇಲ್ಲಿದೆ ಎಂದು ಆಸೀಮನಿಗೆ ತಿಳಿಯಿತು. ಈ ಮುದುಕಿಯ ನಂಬಿಕೆಯನ್ನು ಅವನು ಕೈಯಾರೆ ಕಿತ್ತು ಹಾಕಬೇಕು, ಇಲ್ಲದಿದ್ದರೆ ಅವಳು ಅದನ್ನು ಹಿಡಿದುಕೊಂಡೇ ಹೋಗುತ್ತಾಳೆ. ಅವನು ಮಂಚದ ಪಕ್ಕ ನೆಲದ ಮೇಲೆ ಕೂತ.

“ಅಮ್ಮಾ, ನಾ ಅಂಜಿ ಹೇಳಾಕತ್ತಿಲ್ಲ. ನಿನ್ನ ನೀರು ಬಂದಾಗ ಹೊರಗ ಮಂದಿ ಕಾಯಾಕತ್ತಿದ್ರು. ಸೂಕ್ಷ್ಮದರ್ಶಕದ ಹತ್ರ ಹೋಗ್ಲೇ ಇಲ್ಲ. ಬೆರಳಾಗ ಎಳದು ನೋಡಿ, ಆಂಜನೇಯನ ಸಂಗಾಟ ನಕ್ಕೊಂತ, ಬಾಯಿಗೆ ಬಂದ ಅಂಕಿ ಬರದೆ. ನಿನ್ನದು ಅಂತ ಗೊತ್ತಿದ್ದೂ ಬರದೆ. ಈಗ ಇಲ್ಲಿ ಡಾಕ್ಟರ್ ಕೇಳಿದಾಗ ನಿನ್ನ ಮುಂದೇ ಹೌದು ಅಂತ ಸುಳ್ಳು ಹೇಳಿದೆ. ಹುಂಜದ್ದೇನೂ ತಪ್ಪಿಲ್ಲಮ್ಮಾ, ನಿಂದೂ ಇಲ್ಲ. ಆ ಕಾಗದ ಸುಳ್ಳೈತಿ.”

ಅಮ್ಮ ಬಹಳ ಹೊತ್ತು ಅವನ ಮುಖ ನೋಡಿದಳು. ಚಿಕ್ಕಂದಿನಲ್ಲಿ ಅವನು ಅಂಗಡಿಯಿಂದ ಮಿಠಾಯಿ ಕದ್ದು ತಿಂದು ಬಂದಾಗಲೂ ಹೀಗೇ ನೋಡುತ್ತಿದ್ದಳು, ಆಗ ಕೊನೆಗೆ ನಗುತ್ತಿದ್ದಳು. ಈಗ ಅವಳ ಕಣ್ಣು ಅವನ ಮೇಲಿಂದ ಸರಿದು ಕಾಗದದ ಮೇಲೆ ನಿಂತಿತು. ಕಾಗದವನ್ನು ಮತ್ತೆ ಅದೇ ಮಡಿಕೆಗಳಲ್ಲಿ ಮಡಚಿ ಹಾಸಿಗೆಯ ಮೇಲಿಟ್ಟಳು. ಆಮೇಲೆ ನರ್ಸಿನ ಕಡೆ ತಿರುಗಿ, “ಎಲ್ಲಿ ಒತ್ತಬೇಕು ತೋರಿಸವ್ವ,” ಎಂದಳು. ಮಮತಾ ಅವಳ ಹೆಬ್ಬೆರಳಿಗೆ ಮಸಿ ಹಚ್ಚಿ ಒಪ್ಪಿಗೆ ಪತ್ರದ ಮೇಲೆ ಒತ್ತಿಸಿದಳು.

“ಇಲ್ಲಿ ಸಾಕ್ಷಿದಾರರ ಸಹಿ ಬೇಕ್ರೀ,” ಎಂದು ಮಮತಾ ಪತ್ರವನ್ನೂ ಪೆನ್ನನ್ನೂ ಆಸೀಮನ ಕಡೆ ಚಾಚಿದಳು. ಅವನು ಎದ್ದು ಪೆನ್ನು ತೆಗೆದುಕೊಂಡ.

“ಅವ ಬ್ಯಾಡ,” ಎಂದಳು ಅಮ್ಮ. ಸಿಟ್ಟಿರಲಿಲ್ಲ ದನಿಯಲ್ಲಿ. “ಶಾಹೀಸ್ತಾ ಮಾಡ್ತಾಳ.”